ಬಾಸ್ ಎದುರು ಹಲಸಿನ ಬೀಜವೇ?

ಈ ವಾರ ಬಂದ ಪತ್ರಗಳಲ್ಲಿ ಒಂದಕ್ಕೆ ಎರಡು ಸಾಲಿನ ಉತ್ತರ ಸಾಲದು ಅನ್ನಿಸಿತು. ಅದಕ್ಕೇ ಈ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಬರೆದವರು ಕುಂದಾಪುರ ತಾಲ್ಲೂಕಿನ ಶಂಕರನಾರಾಯಣದವರು. ಮದುವೆಯಾಗಿ ಬೆಂಗಳೂರು ಸೇರಿ ಹದಿನಾಲ್ಕು ವರ್ಷವಾಯಿತಂತೆ. ಗಂಡನಿಗೆ ಬಡ್ತಿ ಸಿಕ್ಕಿದೆ, ಆಫೀಸಿನ ಹನ್ನೆರಡು ಜನ ಮನೆಗೆ ಊಟಕ್ಕೆ ಬರುತ್ತಾರೆ. ಊಟಕ್ಕೆ ಮುಂಚೆ ಕೊಡುವ ಸ್ಟಾರ್ಟರ್‌ಗೆಂದು ಅಡುಗೆ ಪುಸ್ತಕವೊಂದನ್ನು ತಿರುವಿದಾಗ ಚೆಸ್ಟ್‌ನಟ್‌ನ ಬಣ್ಣದ ಫೋಟೋ ಕಣ್ಣಿಗೆ ಬಿದ್ದಿದೆ. ಹುರಿದು, ಟೂತ್‌ಪಿಕ್‌ಗೆ ಚುಚ್ಚಿ, ಸಾಲಾಗಿ ಜೋಡಿಸಿದ ಫೋಟೋ. ನಾಲ್ಕು ಅಂಗಡಿ ಸುತ್ತಿದರೂ ಅದು ಸಿಗಲಿಲ್ಲ. ಪತ್ರದ ಕೊನೆಯಲ್ಲಿ ಹೀಗಿದೆ: ‘ಅಮ್ಮ ಊರಿಂದ ಒಂದು ಚೀಲ ಹಲಸಿನ ಬೀಜ ಕಳಿಸಿದ್ದಾರೆ. ಚೆಸ್ಟ್‌ನಟ್ ರುಚಿಯೂ ಹಾಗೇ ಇರುತ್ತೆ ಅಂತ ಯಾರೋ ಹೇಳಿದ್ರು. ಅದನ್ನೇ ಮಾಡ್ಲಾ ಅಂತ ಕೇಳಿದ್ದಕ್ಕೆ ನಮ್ಮ ಮನೆಯವರು, ಬಾಸ್ ಎದುರು ಹಲಸಿನ ಬೀಜ ಇಡ್ತೀಯಾ, ಮರ್ಯಾದೆ ಬೇಡ್ವಾ ಅಂದ್ರು. ಏನ್ ಮಾಡ್ಲಿ ಹೇಳಿ.’

ಇಡಿ. ಧೈರ್ಯವಾಗಿ ಇಡಿ. ಆದರೆ ಸುಮ್ಮನೆ ಬೇಯಿಸಿ ಬಟ್ಟಲಿಗೆ ಸುರಿದಿಟ್ಟರೆ ನಿಮ್ಮ ಯಜಮಾನರ ಮಾತೇ ಗೆದ್ದುಬಿಡುತ್ತದೆ. ಹೇಗೆ ಇಡಬೇಕು ಅನ್ನೋದೇ ಇಲ್ಲಿ ಮುಖ್ಯ.

ಮೊದಲು ಚೆಸ್ಟ್‌ನಟ್ ಗೊಂದಲ ಬಿಡಿಸಿಕೊಳ್ಳೋಣ. ಇಂಗ್ಲಿಷ್ ಪುಸ್ತಕದಲ್ಲಿ ಬರೀ ಚೆಸ್ಟ್‌ನಟ್ ಎಂದಿದ್ದರೆ ಅದು ಮರದಲ್ಲಿ ಬಿಡುವ ಬೀಜ. ಹೊರಗೆ ಮುಳ್ಳು ತುಂಬಿದ ಕವಚ, ಒಳಗೆ ಕಂದು ಬಣ್ಣದ ಹೊಳೆಯುವ ಸಿಪ್ಪೆ, ಅದರೊಳಗೆ ಕೆನೆ ಬಣ್ಣದ ತಿರುಳು. ಇಟಲಿ, ಫ್ರಾನ್ಸ್, ಚೀನಾ, ಕೊರಿಯಾಗಳಲ್ಲಿ ಹೇರಳ. ನಮ್ಮ ದೇಶದಲ್ಲಿ ಹಿಮಾಚಲ, ಉತ್ತರಾಖಂಡದ ಬೆಟ್ಟಗಳಲ್ಲಿ ಅಲ್ಲೊಂದು ಇಲ್ಲೊಂದು ಮರವಿದೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ವಾಟರ್ ಚೆಸ್ಟ್‌ನಟ್ ಬೇರೆಯೇ. ಅದು ನೀರಿನಲ್ಲಿ ಬೆಳೆಯುವ ಗೆಡ್ಡೆ, ಚೈನೀಸ್ ಅಡುಗೆಯಲ್ಲಿ ಹಾಕುವಂಥದ್ದು, ಎಷ್ಟು ಬೇಯಿಸಿದರೂ ಕರುಂ ಕುರುಂ ಅನ್ನುತ್ತದೆ. ಉತ್ತರ ಭಾರತದವರು ಉಪವಾಸಕ್ಕೆ ಹಿಟ್ಟು ಮಾಡುವ ಸಿಂಘಾಡಾಕ್ಕೂ ವಾಟರ್ ಚೆಸ್ಟ್‌ನಟ್ ಎಂದೇ ಹೆಸರು, ಆದರೆ ಅದು ಮೂರನೆಯದು. ಚೆಸ್ಟ್‌ನಟ್ ರೆಸಿಪಿಗೆ ಈ ಎರಡರಲ್ಲಿ ಯಾವುದನ್ನು ಹಾಕಿದರೂ ಪುಸ್ತಕದ ರುಚಿ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಸುಲಿದು ಹುರಿದ ಚೆಸ್ಟ್‌ನಟ್ ಪ್ಯಾಕೆಟ್ ಸಿಗುತ್ತದೆ ನಿಜ. ದೂರದಿಂದ ಬಂದದ್ದು, ಬೆಲೆಯೂ ಹಾಗೇ ಇರುತ್ತದೆ. ಹನ್ನೆರಡು ಜನಕ್ಕೆ ಸಾಲುವಷ್ಟು ತರಿಸಿದರೆ ತಿಂಗಳ ತರಕಾರಿ ಬಜೆಟ್‌ಗೆ ಕತ್ತರಿ.

ಹಲಸಿನ ಬೀಜ ಮಾತ್ರ ಚೆಸ್ಟ್‌ನಟ್‌ಗೆ ತೀರಾ ಹತ್ತಿರ. ಬೆಂದ ಮೇಲೆ ಹಿಟ್ಟುಹಿಟ್ಟಾಗಿ, ಸ್ವಲ್ಪ ಸಿಹಿಯಾಗಿ, ಹುರಿದರೆ ಘಮಘಮ. ಎರಡರಲ್ಲೂ ಇರುವುದು ಮುಖ್ಯವಾಗಿ ಪಿಷ್ಟ, ಎಣ್ಣೆಯಂಶ ಬಹಳ ಕಡಿಮೆ. ನೂರು ಗ್ರಾಂ ಗೋಡಂಬಿಯಲ್ಲಿ ಸುಮಾರು 44 ಗ್ರಾಂ ಕೊಬ್ಬು ಇದ್ದರೆ, ಚೆಸ್ಟ್‌ನಟ್‌ನಲ್ಲಿ ಎರಡು ಗ್ರಾಂ ಆಸುಪಾಸು, ಹಲಸಿನ ಬೀಜದಲ್ಲಿ ಅದಕ್ಕಿಂತಲೂ ಕಡಿಮೆ. ಪಾರ್ಟಿ ಅಂದ ಕೂಡಲೇ ಹುರಿದ ಗೋಡಂಬಿ ಬಟ್ಟಲು ಇಡುವವರು ಇದನ್ನು ಗಮನಿಸಬೇಕು. ಆಫೀಸಿನಲ್ಲಿ ಕೂತು ಕೆಲಸ ಮಾಡುವ, ಕೊಲೆಸ್ಟ್ರಾಲ್ ಮಾತ್ರೆ ನುಂಗುವ ಅತಿಥಿಗಳು ನಿಮ್ಮ ಮನೆಗೂ ಬರುತ್ತಾರಲ್ಲ!

ಇನ್ನು ಮರ್ಯಾದೆ ಪ್ರಶ್ನೆ. ಆ ಫೋಟೋದಲ್ಲಿ ಮಿರಮಿರ ಮಿಂಚುವ ಚೆಸ್ಟ್‌ನಟ್ ಇದೆಯಲ್ಲ, ಅದು ಯುರೋಪಿನ ಬೆಟ್ಟದೂರುಗಳಲ್ಲಿ ಶತಮಾನಗಳ ಕಾಲ ಬಡವರ ಹೊಟ್ಟೆ ತುಂಬಿಸಿದ ವಸ್ತು. ಗೋಧಿ ಬೆಳೆಯದ ಇಟಲಿಯ ಗುಡ್ಡಗಳಲ್ಲಿ, ಫ್ರಾನ್ಸಿನ ಕಾರ್ಸಿಕಾ ದ್ವೀಪದಲ್ಲಿ ಅದನ್ನು ಒಣಗಿಸಿ, ಹಿಟ್ಟು ಬೀಸಿ, ಗಂಜಿ-ರೊಟ್ಟಿ ಮಾಡಿಕೊಂಡು ಚಳಿಗಾಲ ಕಳೆಯುತ್ತಿದ್ದರು. ಅಲ್ಲಿ ಆ ಮರಕ್ಕೆ ರೊಟ್ಟಿಮರ ಅನ್ನುವ ಹೆಸರೂ ಉಂಟು. ಕಾಲ ಬದಲಾಯಿತು, ಅದೇ ಬೀಜ ದೊಡ್ಡ ಹೋಟೆಲಿನ ಪ್ಲೇಟಿಗೆ ಬಂತು, ಸಕ್ಕರೆ ಪಾಕದಲ್ಲಿ ಅದ್ದಿ ದುಬಾರಿ ಮಿಠಾಯಿಯಾಯಿತು. ಅವರ ಮನೆಯ ಬರಗಾಲದ ಊಟವನ್ನು ದುಡ್ಡು ಕೊಟ್ಟು ತರಿಸಿ, ನಮ್ಮ ಮನೆಯದನ್ನು ಮುಚ್ಚಿಡುವುದರಲ್ಲಿ ಏನು ಮರ್ಯಾದೆ ಇದೆ ಅಂತ ಯಜಮಾನರನ್ನೇ ಕೇಳಿ ನೋಡಿ. ಜಗಳವಾಗಿ ಅಲ್ಲ, ಕಾಫಿ ಕೊಡುವಾಗ.

ಕುಂದಾಪುರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಂಕರ, ನಾರಾಯಣ ಇಬ್ಬರೂ ಒಟ್ಟಿಗೆ ಪೂಜೆಗೊಳ್ಳುವ, ಪರಶುರಾಮ ಕ್ಷೇತ್ರದ ಏಳು ಮುಕ್ತಿಸ್ಥಳಗಳಲ್ಲಿ ಒಂದಾದ ಆ ಊರು ಘಟ್ಟದ ಬುಡದಲ್ಲಿದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಹಿಂದೆಲ್ಲ ಆ ಮಳೆಯಲ್ಲಿ ತರಕಾರಿ ಎಲ್ಲಿಂದ ಬರಬೇಕು? ಮಾಡಿಗೆ ಕಟ್ಟಿ ತೂಗುಹಾಕಿದ ಸೌತೆಕಾಯಿ, ಭರಣಿಯಲ್ಲಿ ಉಪ್ಪಿಗೆ ಹಾಕಿದ ಸೊಳೆ, ಮೂಲೆಯಲ್ಲಿ ಕೆಮ್ಮಣ್ಣು ಮೆತ್ತಿ ರಾಶಿ ಹಾಕಿದ ಹಲಸಿನ ಬೀಜ. ಇವಿಷ್ಟರಲ್ಲೇ ನಾಲ್ಕು ತಿಂಗಳು ದಾಟಬೇಕು. ಹಣ್ಣು ತಿಂದವರು ಬೀಜ ಎಸೆದರೆ ಮನೆಯ ಹಿರಿ ಹೆಂಗಸರು ಬೈಯುತ್ತಿದ್ದದ್ದು ಅದಕ್ಕೇ. ‘ಎಂತಕ್ಕೆ ಬಿಸಾಡೂದು, ಮಳ್ಗಾಲಕ್ಕೆ ಬೇಕಲ್ದಾ?’ ಆ ಮಣ್ಣು ಸುಮ್ಮನೆ ಮೆತ್ತುತ್ತಿದ್ದದ್ದಲ್ಲ. ಬೀಜ ಬೇಗ ಒಣಗಿ ಕಲ್ಲಾಗದಂತೆ, ಹುಳ ಹಿಡಿಯದಂತೆ ಅದು ಕಾಯುತ್ತಿತ್ತು. ಸೌತೆಕಾಯಿ-ಹಲಸಿನ ಬೀಜದ ಹುಳಿ, ಬೀಜದ ಸಾರು, ಬೀಜದ ಪಲ್ಯ, ಮೀನು ತಿನ್ನುವವರ ಮನೆಯಲ್ಲಿ ಒಣ ಚಟ್ಲಿ ಹಾಕಿದ ಬೀಜದ ಪದಾರ್ಥ. ಸಂಜೆ ಒಲೆಯ ಕೆಂಡದಲ್ಲಿ ಸುಟ್ಟ ಬೀಜ, ಪಕ್ಕದಲ್ಲಿ ಬೆಲ್ಲದ ಚೂರು. ದಕ್ಷಿಣ ಕನ್ನಡದ ಕಡೆ ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ ಬಿಸಿಲಲ್ಲಿ ಗಟ್ಟಿಯಾಗಿ ಒಣಗಿಸಿದ ಸಾಂತಾಣಿ ಇದೆ, ಒಂದನ್ನು ಬಾಯಿಗೆ ಹಾಕಿಕೊಂಡರೆ ಗಂಟೆಗಟ್ಟಲೆ ನಮಲಬಹುದು. (ಕಟ್ಟಿಸಿದ ಹಲ್ಲಿನ ಬಾಸ್‌ಗೆ ಮಾತ್ರ ಸಾಂತಾಣಿ ಬೇಡವೇ ಬೇಡ!)

ಹೀಗೆ ಒಂದು ಚೀಲ ಬೀಜ ಬೆಂಗಳೂರಿಗೆ ಬಂದಿದೆ ಅಂದರೆ ಅದರ ಹಿಂದೆ ಒಬ್ಬ ಅಮ್ಮ ಹಣ್ಣಿನ ಮೇಣಕ್ಕೆ ಕೈಗೆ ಎಣ್ಣೆ ಸವರಿಕೊಂಡು ಕೂತ ನಾಲ್ಕಾರು ಮಧ್ಯಾಹ್ನಗಳಿವೆ. ಪೇಟೆಯಲ್ಲಿ ಅದು ಬಾಲ್ಕನಿಯಲ್ಲಿ ಮೊಳಕೆ ಬಂದು ಕೊನೆಗೆ ಕಸದ ಗಾಡಿ ಸೇರುವುದು ನಮಗೆ ಗೊತ್ತಿಲ್ಲದ ಕಥೆಯೇನಲ್ಲ. ಯಾಕೆ ಹಾಗಾಗುತ್ತೆ? ಮರ್ಯಾದೆ ಒಂದು ನೆಪ. ನಿಜವಾದ ಕಾರಣ ಸಿಪ್ಪೆ. ಅರ್ಧ ಕೆಜಿ ಬೀಜ ಸುಲಿಯಲು ಒಬ್ಬರೇ ಕೂತರೆ ಮುಕ್ಕಾಲು ಗಂಟೆ ಬೇಕು, ಉಗುರಿನ ಸಂದು ಉರಿಯುತ್ತದೆ. ಊರಿನಲ್ಲಿ ಅತ್ತೆ, ನಾದಿನಿ, ಪಕ್ಕದ ಮನೆಯವರು ಅಂತ ನಾಲ್ಕು ಕೈ ಇರುತ್ತಿತ್ತು. ಫ್ಲ್ಯಾಟಿನಲ್ಲಿ ಇರುವುದು ನಿಮ್ಮ ಎರಡು ಕೈ ಮಾತ್ರ. ಆದ್ದರಿಂದ ನಮ್ಮ ಮೊದಲ ಸಲಹೆ ಅಡುಗೆಯದ್ದಲ್ಲ. ಪಾರ್ಟಿಯ ಹಿಂದಿನ ರಾತ್ರಿ ಟಿವಿ ಮುಂದೆ ಪೇಪರ್ ಹಾಸಿ, ಬೀಜದ ಬುಟ್ಟಿ ನಡುವೆ ಇಟ್ಟು, ಯಜಮಾನರನ್ನೂ ಮಕ್ಕಳನ್ನೂ ಕೂರಿಸಿ. ಬಡ್ತಿ ಸಿಕ್ಕಿದ್ದು ಅವರಿಗೆ, ಅತಿಥಿಗಳು ಅವರವರು. ಸುಲಿಯುವುದೂ ಅವರ ಪಾಲಿಗೆ ಸ್ವಲ್ಪ ಇರಲಿ. ಇಷ್ಟಕ್ಕೂ ಒಪ್ಪದಿದ್ದರೆ ಅವರು ಹೋಟೆಲಿನಿಂದ ತರಿಸಲಿ ಬಿಡಿ, ನೀವು ಒಬ್ಬರೇ ಕೂತು ಸುಲಿಯಬೇಡಿ.

ಸುಲಿಯೋದು ಸುಲಭವಾಗಬೇಕಾ?

ಹಣ್ಣಿನಿಂದ ಆಗಷ್ಟೇ ತೆಗೆದ ಬೀಜದ ಸಿಪ್ಪೆ ಜಾರುತ್ತದೆ. ತೊಳೆದು ನೆರಳಲ್ಲಿ ಒಂದೆರಡು ದಿನ ಆರಲು ಬಿಟ್ಟರೆ ಹೊರಗಿನ ಬಿಳಿ ಸಿಪ್ಪೆ ಗರಿಗರಿಯಾಗುತ್ತದೆ. ಆಮೇಲೆ ಗುಂಡುಕಲ್ಲಿನಿಂದ ಮೆಲ್ಲಗೆ ಒಂದು ಏಟು ಕೊಟ್ಟರೆ ಸಾಕು, ಬಿರುಕು ಬಿಟ್ಟು ಕಳಚಿಕೊಳ್ಳುತ್ತದೆ. ಅದೂ ಬೇಡವೆಂದರೆ ಸಿಪ್ಪೆ ಸಮೇತ ಬೇಯಿಸಿ, ಬಿಸಿ ಆರಿದ ಮೇಲೆ ಸುಲಿಯಿರಿ. ಒಳಗಿನ ಕಂದು ಪೊರೆಯನ್ನು ಪೂರ್ತಿ ತೆಗೆಯುವ ಹಟ ಬೇಡ, ಅದು ನಾರಿನಂಶ. ನೋಟಕ್ಕೆ ಬೇಕೆಂದರೆ ಮಾತ್ರ ನೀರಿನಲ್ಲಿ ನೆನೆಸಿ ಚಾಕುವಿನಿಂದ ಹೆರೆಯಿರಿ. ಮೊಳಕೆ ಸ್ವಲ್ಪ ಇಣುಕಿದ್ದರೆ ಚಿವುಟಿ ತೆಗೆದು ಬಳಸಬಹುದು. ಕಪ್ಪಾಗಿ, ಬೂಷ್ಟು ಹಿಡಿದು, ಮುಗ್ಗಲು ವಾಸನೆ ಬಂದದ್ದನ್ನು ಮಾತ್ರ ದಾಕ್ಷಿಣ್ಯವಿಲ್ಲದೆ ಎಸೆಯಿರಿ.

ಎಷ್ಟು ಬೇಕು ಅನ್ನೋ ಲೆಕ್ಕ: ಎರಡು ಮೂರು ಬಗೆ ಸ್ಟಾರ್ಟರ್ ಇದ್ದರೆ ತಲೆಗೆ ಒಟ್ಟು ಐದಾರು ತುಂಡು ಸಾಕು, ಮುಂದೆ ಊಟ ಇದೆಯಲ್ಲ. ಒಂದು ಕೆಜಿಗೆ ಸುಮಾರು ನೂರರಿಂದ ನೂರೈವತ್ತು ಬೀಜ ತೂಗುತ್ತದೆ, ಮರದಿಂದ ಮರಕ್ಕೆ ಬೀಜದ ಗಾತ್ರ ಬೇರೆ. ಹನ್ನೆರಡು ಜನಕ್ಕೆ ಒಂದು ಕೆಜಿ ಧಾರಾಳವಾಗಿ ಆಗುತ್ತದೆ.

ಹಸಿ ಬೀಜ ಯಾವ ಕಾರಣಕ್ಕೂ ಬೇಡ. ಅದರಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳಿವೆ, ಬೇಯಿಸಿದರೆ ಅವುಗಳ ಕಾಟ ಅಡಗುತ್ತದೆ. ಅರೆಬೆಂದದ್ದನ್ನು ಬಡಿಸಿದರೆ ಅತಿಥಿಗಳು ರಾತ್ರಿಯಿಡೀ ನಿಮ್ಮನ್ನು ನೆನೆಯುತ್ತಾರೆ. ಕುಕ್ಕರ್‌ನಲ್ಲಿ ಬೀಜ ಮುಳುಗುವಷ್ಟು ನೀರು, ಉಪ್ಪು, ಚಿಟಿಕೆ ಅರಿಶಿನ ಹಾಕಿ. ಇಡಿಯಾಗಿ ಪ್ಲೇಟಿಗೆ ಹೋಗುವುದಕ್ಕೆ ಮೂರು ವಿಶಲ್, ರುಬ್ಬುವುದಕ್ಕೆ ಐದು. ಬೀಜ ಹಳೆಯದಾಗಿ ಒಣಗಿದ್ದರೆ ಒಂದೆರಡು ವಿಶಲ್ ಜಾಸ್ತಿ. ಬೆರಳಲ್ಲಿ ಒತ್ತಿದರೆ ಬಿರಿಯಬೇಕು, ಆದರೆ ಪುಡಿಯಾಗಬಾರದು.

ಗ್ಯಾಸ್ ಆಗುತ್ತೆ ಅನ್ನೋದು ಎಲ್ಲರ ಭಯ, ಅದು ಸುಳ್ಳೂ ಅಲ್ಲ. ನಮ್ಮ ಹಿರಿಯರು ಅದಕ್ಕೇ ಇಂಗು, ಬೆಳ್ಳುಳ್ಳಿ, ಶುಂಠಿ, ಜೀರಿಗೆ ಇಲ್ಲದೆ ಬೀಜದ ಅಡುಗೆ ಮಾಡುತ್ತಿರಲಿಲ್ಲ. ಮಸಾಲೆ ಚೆನ್ನಾಗಿರಲಿ, ತಲೆಗೆ ಲೆಕ್ಕವಿರಲಿ. ಬಟ್ಟಲುಗಟ್ಟಲೆ ಮುಂದಿಟ್ಟರೆ ಯಾರೂ ಲೆಕ್ಕ ಇಡುವುದಿಲ್ಲ, ಟೂತ್‌ಪಿಕ್‌ಗೆ ಚುಚ್ಚಿ ಇಟ್ಟರೆ ತಾನಾಗಿ ಮಿತಿ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರು ತಿನ್ನಬಾರದು ಅಂತಿಲ್ಲ. ಆದರೆ ಪಿಷ್ಟ ಇರುವುದರಿಂದ ಆ ದಿನ ಅನ್ನವನ್ನು ಅಷ್ಟು ಕಡಿಮೆ ಮಾಡಿಕೊಳ್ಳಲಿ.

ಕೆಂಡ ಇಲ್ಲದಿದ್ದರೆ?

ಕೆಂಡದಲ್ಲಿ ಸುಟ್ಟ ಬೀಜದ ರುಚಿ ಗ್ಯಾಸ್ ಒಲೆಯಲ್ಲಿ ಪೂರ್ತಿ ಬರುವುದಿಲ್ಲ, ಹತ್ತಿರ ಬರುತ್ತದೆ. ಇಲ್ಲಿ ಚೆಸ್ಟ್‌ನಟ್‌ನವರ ಒಂದು ಉಪಾಯ ನಮಗೂ ಬೇಕು. ಹುರಿಯುವ ಮೊದಲು ಪ್ರತಿ ಬೀಜಕ್ಕೂ ಚಾಕುವಿನಿಂದ ಸಣ್ಣ ಗೀರು ಹಾಕಲೇಬೇಕು. ಇಲ್ಲದಿದ್ದರೆ ಒಳಗಿನ ಆವಿ ಹೊರಗೆ ಬರಲು ದಾರಿಯಿಲ್ಲದೆ ಬೀಜ ಪಟಾರ್ ಅಂತ ಸಿಡಿಯುತ್ತದೆ. ಊರಿನ ಒಲೆ ಮುಂದೆ ಕೂತು ಬೆಳೆದವರಿಗೆ ಆ ಸದ್ದು ಗೊತ್ತು. ಮೈಕ್ರೋವೇವ್‌ನಲ್ಲಂತೂ ಗೀರಿಲ್ಲದ ಬೀಜ ಇಡಬೇಡಿ. ದಪ್ಪ ತಳದ ಬಾಣಲೆಯಲ್ಲಿ ಗೀರಿದ ಬೀಜ ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಆಗಾಗ ಆಡಿಸುತ್ತಾ ಇಪ್ಪತ್ತು ಇಪ್ಪತ್ತೈದು ನಿಮಿಷ ಹುರಿಯಿರಿ. ಓವನ್ ಇದ್ದವರು 200 ಡಿಗ್ರಿಯಲ್ಲಿ ಅರ್ಧ ಗಂಟೆ. ಒಂದನ್ನು ಒಡೆದು ಒಳಗೂ ಬೆಂದಿದೆಯಾ ನೋಡಿ. ಬಿಸಿ ಇರುವಾಗಲೇ ಸಿಪ್ಪೆ ಬಿಡಿಸಿ ಬೆಣ್ಣೆ, ಕಾಳುಮೆಣಸಿನ ಪುಡಿ, ಉಪ್ಪು ಸವರಿ ಕಾಗದದ ಪೊಟ್ಟಣದಲ್ಲಿ ಕೊಡಿ. ಯುರೋಪಿನ ಊರುಗಳ ರಸ್ತೆ ಬದಿಯಲ್ಲಿ ಚಳಿಗಾಲದಲ್ಲಿ ಬಿಸಿ ಚೆಸ್ಟ್‌ನಟ್ ಮಾರುವುದು ಹೀಗೇ, ಪೊಟ್ಟಣದಲ್ಲಿ.

ನಮ್ಮ ಓಟು ಮಾತ್ರ ಘೀ ರೋಸ್ಟ್‌ಗೆ. ಕುಂದಾಪುರದ ಕೋಳಿ ಘೀ ರೋಸ್ಟ್ ಈಗ ಬೆಂಗಳೂರಿನ ಹೋಟೆಲುಗಳ ಮೆನುವಿನಲ್ಲೆಲ್ಲ ಇದೆ, ಬಾಸ್‌ಗೂ ಹೆಸರು ಗೊತ್ತಿರುತ್ತದೆ. ಅದೇ ಮಸಾಲೆಯನ್ನು ಬೀಜಕ್ಕೆ ಹಾಕಿ ನೋಡಿ. ಬೀಜಕ್ಕೆ ತನ್ನದೇ ಜೋರು ರುಚಿ ಇಲ್ಲದ್ದರಿಂದ ಮಸಾಲೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ನಲವತ್ತು ಬೀಜಕ್ಕೆ ಹತ್ತು ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಿಕ್ಕ ಚಮಚ ಜೀರಿಗೆ, ಅಷ್ಟೇ ಕಾಳುಮೆಣಸು, ಏಳೆಂಟು ಕಾಳು ಮೆಂತ್ಯ. ಇವನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕಪ್ಪಾದರೆ ಎಲ್ಲಾ ಕಹಿ, ಅದರ ಮೇಲೆ ಕಣ್ಣಿಡಿ. ಆರು ಎಸಳು ಬೆಳ್ಳುಳ್ಳಿ, ಸಣ್ಣ ನಿಂಬೆ ಗಾತ್ರದ ಹುಣಸೆಹಣ್ಣು ಸೇರಿಸಿ ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಿ. ಬಾಣಲೆಯಲ್ಲಿ ಮೂರು ದೊಡ್ಡ ಚಮಚ ತುಪ್ಪ ಕಾಯಿಸಿ, ಮಸಾಲೆ ಹಾಕಿ, ತುಪ್ಪ ಬಿಡುವವರೆಗೆ ತಾಳ್ಮೆಯಿಂದ ಬಾಡಿಸಿ. ಹತ್ತು ನಿಮಿಷವಾದರೂ ಬೇಕು, ಇಲ್ಲಿ ಅವಸರ ಮಾಡಿದರೆ ಹಸಿ ವಾಸನೆ ಉಳಿಯುತ್ತದೆ. ಎರಡು ಚಮಚ ಗಟ್ಟಿ ಮೊಸರು, ಅಡಿಕೆ ಗಾತ್ರದ ಬೆಲ್ಲ, ಉಪ್ಪು ಸೇರಿಸಿ, ಬೆಂದ ಬೀಜ ಹಾಕಿ, ಮಸಾಲೆ ಬೀಜಕ್ಕೆ ಅಂಟಿ ಒಣಗುವವರೆಗೆ ಮಗುಚಿ. ಕೊನೆಗೆ ಕರಿಬೇವು. ಒಂದೊಂದು ಟೂತ್‌ಪಿಕ್‌ಗೆ ಒಂದು ಬೀಜ, ಒಂದು ತುಂಡು ಅನಾನಸ್. ಹುಳಿ, ಸಿಹಿ, ಖಾರ ಒಟ್ಟಿಗೆ ಬರುತ್ತದೆ. ಮಸಾಲೆಯನ್ನು ಎರಡು ದಿನ ಮುಂಚೆಯೇ ಬಾಡಿಸಿ ಫ್ರಿಜ್‌ನಲ್ಲಿ ಇಟ್ಟುಕೊಂಡರೆ ಪಾರ್ಟಿ ದಿನ ಹದಿನೈದು ನಿಮಿಷದ ಕೆಲಸ.

ಮಕ್ಕಳು, ಖಾರ ತಿನ್ನದವರು ಇದ್ದರೆ ಕಟ್ಲೆಟ್ ಮಾಡಿ. ಐದು ವಿಶಲ್ ಬೆಂದ ಬೀಜವನ್ನು ನೀರು ಪೂರ್ತಿ ಬಸಿದು, ಆರಿದ ಮೇಲೆ ಮಿಕ್ಸಿಯಲ್ಲಿ ನೀರು ಹಾಕದೆ ಪುಡಿ ಮಾಡಿ. ನೀರು ಹಾಕಿದಿರೋ, ಅಂಟಂಟಾಗಿ ಕೈಗೂ ಬರುವುದಿಲ್ಲ, ಕಾವಲಿಗೂ ಬರುವುದಿಲ್ಲ. ಎರಡು ಕಪ್ ಪುಡಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು, ಹಸಿಮೆಣಸು, ಶುಂಠಿ, ಕೊತ್ತಂಬರಿ ಸೊಪ್ಪು, ಇಂಗು, ಉಪ್ಪು, ಎರಡು ಚಮಚ ಅಕ್ಕಿಹಿಟ್ಟು. ಆಲೂಗಡ್ಡೆ ಬೇಕಾಗಿಲ್ಲ, ಬೀಜದ ಹಿಟ್ಟೇ ಹಿಡಿದುಕೊಳ್ಳುತ್ತದೆ. ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾಗಿ ತಟ್ಟಿ, ಚಿರೋಟಿ ರವೆಯಲ್ಲಿ ಹೊರಳಿಸಿ, ಕಾವಲಿಯಲ್ಲಿ ಸ್ವಲ್ಪ ಎಣ್ಣೆ ಬಿಟ್ಟು ಎರಡೂ ಕಡೆ ಕೆಂಪಗೆ ಬೇಯಿಸಿ. ಹೀಗೆ ಮಾಡಿದರೆ ಇಪ್ಪತ್ತು ಆಗುತ್ತದೆ. ತಟ್ಟಿ ಇಟ್ಟದ್ದನ್ನು ಬೆಳಿಗ್ಗೆಯೇ ಫ್ರಿಜ್‌ಗೆ ಸೇರಿಸಿದರೆ ಸಂಜೆ ಒಡೆಯದೆ ಬೇಯುತ್ತದೆ.

ಅದೇ ಪುಡಿ ಒಂದು ಕಪ್ ಮಿಕ್ಕಿದ್ದರೆ ಬೆಳ್ಳುಳ್ಳಿ, ನಿಂಬೆರಸ, ಮೊಸರು, ಹಸಿಮೆಣಸು ಹಾಕಿ ನುಣ್ಣಗೆ ರುಬ್ಬಿ, ಮೇಲೆ ಕೊಬ್ಬರಿ ಎಣ್ಣೆಯ ಸಾಸಿವೆ ಒಗ್ಗರಣೆ ಕೊಡಿ. ಕರಿದ ಹಲಸಿನ ಹಪ್ಪಳವನ್ನು ಮುರಿದು ಇದರಲ್ಲಿ ಅದ್ದಿ ತಿನ್ನಲು ಕೊಟ್ಟರೆ ಚಿಪ್ಸ್ ಪ್ಯಾಕೆಟ್ ತೆರೆಯುವ ಅಗತ್ಯವೇ ಇಲ್ಲ. ಮಾಂಸಾಹಾರಿಗಳ ಮನೆಯಲ್ಲಿ ಒಣ ಚಟ್ಲಿಯನ್ನು ಹುರಿದು, ತಲೆ-ಬಾಲ ಮುರಿದು, ಕಾಯಿತುರಿ, ಕೆಂಪು ಮೆಣಸು, ಹುಣಸೆ ಜೊತೆ ತರಿತರಿಯಾಗಿ ಅರೆದು ಬೀಜದ ಮೇಲೆ ಉದುರಿಸಿದರೂ ಸೊಗಸು. ಆದರೆ ಆ ವಾಸನೆ ಎಲ್ಲರಿಗೂ ಒಗ್ಗುವುದಿಲ್ಲ, ಬರುವವರು ಯಾರು ಅಂತ ಮೊದಲೇ ತಿಳಿದುಕೊಳ್ಳಿ.

ಬಡಿಸುವಾಗ ಇದಕ್ಕೆ ‘ಇಂಡಿಯನ್ ಚೆಸ್ಟ್‌ನಟ್’ ಅಂತ ಹೆಸರಿಡುವ ಆಸೆ ಬರಬಹುದು. ಬೇಡ. ಹಲಸಿನ ಬೀಜದ ಘೀ ರೋಸ್ಟ್ ಅಂತಲೇ ಹೇಳಿ. ಹೆಸರು ಮರೆಮಾಚಿದರೆ ನಾಚಿಕೆ ಇದೆ ಅಂತ ನಾವೇ ಒಪ್ಪಿಕೊಂಡ ಹಾಗೆ. ಅತಿಥಿಗಳು ಕೇಳಿದರೆ ಹೇಳಲು ವಿಷಯ ಬೇಕಾದಷ್ಟಿದೆ. ಕೇರಳ ಸರ್ಕಾರ 2018ರಲ್ಲಿ ಹಲಸನ್ನು ತನ್ನ ರಾಜ್ಯ ಹಣ್ಣು ಎಂದು ಘೋಷಿಸಿತು. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಉಳಿದ ಮಲಯಾಳಿಗಳು ಹಲಸಿನ ಬೀಜದ ಮಿಲ್ಕ್‌ಶೇಕ್ ಮಾಡಿ ಫೋನಿಂದ ಫೋನಿಗೆ ಹಬ್ಬಿಸಿದರು. 2017ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದವರು ಹುದುಗು ಬರಿಸಿ ಹುರಿದ ಹಲಸಿನ ಬೀಜದ ಹಿಟ್ಟಿಗೆ ಚಾಕೊಲೇಟ್ ಪರಿಮಳ ಬರುತ್ತದೆ ಎಂದು ತೋರಿಸಿದರು. ನಮ್ಮಲ್ಲೇ ಶ್ರೀ ಪಡ್ರೆಯವರ ‘ಅಡಿಕೆ ಪತ್ರಿಕೆ’ ಹಲಸಿನ ಬಗ್ಗೆ ವರ್ಷಗಳಿಂದ ಬರೆಯುತ್ತಾ ಬಂದಿದೆ, ಊರೂರಿನಲ್ಲಿ ಹಲಸು ಮೇಳಗಳಾಗುತ್ತವೆ. ಅಲ್ಲಿ ಬೀಜದ ತಿಂಡಿಗೆ ಸಾಲುಗಟ್ಟಿ ನಿಲ್ಲುವವರೂ ಆಫೀಸಿಗೆ ಹೋಗುವವರೇ. ಇಷ್ಟೆಲ್ಲ ಹೇಳಬೇಕಾಗಿ ಬರುವುದಿಲ್ಲ ಅನ್ನಿ, ಪ್ಲೇಟ್ ಖಾಲಿಯಾದರೆ ಅದೇ ಸಾಕು.

ಮಗಳು-ಸೊಸೆ ವಿದೇಶದಲ್ಲಿರುವ ಓದುಗರಿಗೂ ಒಂದು ಮಾತು. ಅಲ್ಲಿ ಇದೇ ಲೆಕ್ಕ ತಿರುಗುಮುರುಗು. ಹಲಸಿನ ಬೀಜ ಬೇಕೆಂದರೆ ಭಾರತೀಯ ಅಂಗಡಿಯ ಫ್ರೀಜರ್ ಹುಡುಕಬೇಕು, ಚೆಸ್ಟ್‌ನಟ್ ನವೆಂಬರ್-ಡಿಸೆಂಬರ್‌ನಲ್ಲಿ ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತದೆ. ಸೌತೆಕಾಯಿ ಹುಳಿಗೆ ಬೀಜದ ಬದಲು ಅದನ್ನೇ ಹಾಕಲಿ, ಸ್ವಲ್ಪ ಸಿಹಿ ಜಾಸ್ತಿಯಾಗುತ್ತದೆ ಅಷ್ಟೆ, ಬೆಲ್ಲ ಕಡಿಮೆ ಮಾಡಿದರಾಯಿತು. ಆದರೆ ಪಾರ್ಕಿನಲ್ಲಿ, ರಸ್ತೆ ಬದಿಯಲ್ಲಿ ಉದುರಿ ಬಿದ್ದದ್ದನ್ನು ಆರಿಸಿ ತರಬಾರದು ಎಂದು ಖಂಡಿತ ಹೇಳಿ. ಅಲ್ಲಿ ಹಾರ್ಸ್ ಚೆಸ್ಟ್‌ನಟ್ ಅಂತ ಇನ್ನೊಂದು ಮರವಿದೆ, ನೋಡಲು ಥೇಟ್ ಹಾಗೇ, ತಿಂದರೆ ವಿಷ. ತಿನ್ನುವ ಚೆಸ್ಟ್‌ನಟ್‌ನ ಕವಚದಲ್ಲಿ ಸೂಜಿಯಂಥ ಮುಳ್ಳು ಒತ್ತಾಗಿರುತ್ತದೆ, ಬೀಜಕ್ಕೆ ಚೂಪು ತುದಿಯಿರುತ್ತದೆ. ವಿಷದ್ದರ ಕವಚದಲ್ಲಿ ಅಲ್ಲೊಂದು ಇಲ್ಲೊಂದು ಮೊಂಡು ಮುಳ್ಳು, ಬೀಜ ಗುಂಡಗೆ. ಅನುಮಾನವಿದ್ದರೆ ಅಂಗಡಿಯದ್ದೇ ಕ್ಷೇಮ.

ಚೀಲದಲ್ಲಿ ಉಳಿದ ಬೀಜಕ್ಕೆ ಫ್ಲ್ಯಾಟಿನಲ್ಲಿ ಕೆಮ್ಮಣ್ಣು ಎಲ್ಲಿ ಹುಡುಕುವುದು? ಸಿಪ್ಪೆ ತೆಗೆಯದೆ, ಒದ್ದೆ ಇಲ್ಲದಂತೆ ಒರೆಸಿ, ಪೇಪರಿನಲ್ಲಿ ಸುತ್ತಿ ಫ್ರಿಜ್‌ನ ತರಕಾರಿ ಟ್ರೇನಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೆವರಿ ಬೂಷ್ಟು ಬರುತ್ತದೆ. ವಾರಕ್ಕೊಮ್ಮೆ ಬಿಚ್ಚಿ ನೋಡುತ್ತಿದ್ದರೆ ಒಂದು ತಿಂಗಳು ತೊಂದರೆಯಿಲ್ಲ. ಇನ್ನೂ ಜಾಸ್ತಿ ದಿನಕ್ಕೆಂದರೆ ಒಂದೇ ದಿನ ಕೂತು ಸುಲಿದು, ಬೇಯಿಸಿ, ನೀರು ಬಸಿದು, ಒಂದೊಂದು ಸಲಕ್ಕೆ ಬೇಕಾಗುವಷ್ಟು ಡಬ್ಬಿಗಳಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಎರಡು ತಿಂಗಳು ಬರುತ್ತದೆ. ಘೀ ರೋಸ್ಟ್ ಮಸಾಲೆ ಬಾಣಲೆಗೆ ಅಂಟಿ ಉಳಿದಿದ್ದರೆ ತೊಳೆದುಬಿಡಬೇಡಿ. ಮಾರನೆ ದಿನ ಬೆಳಿಗ್ಗೆ ಅದೇ ಬಾಣಲೆಯಲ್ಲಿ ಮಿಕ್ಕ ನಾಲ್ಕು ಬೀಜ ಜಜ್ಜಿ ಹಾಕಿ ಬಿಸಿ ಮಾಡಿದರೆ ನೀರುದೋಸೆಗೆ ಬೇರೆ ಚಟ್ನಿ ಅರೆಯಬೇಕಾಗಿಲ್ಲ.